ಆರು ನಿಮಿಷದ ತೈ ಚಿ

ನನ್ನ ಗಂಡ ಬಾವ್‌ಶಾನ್ ಬೆಳಿಗ್ಗೆ ನಗುತ್ತ ಎದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಗಂಡ ನಕ್ಕರೆ ಹೆದರುವ ಹೆಂಡತಿ ಇಡೀ ಲಾನ್‌ಜೌ ನಗರದಲ್ಲಿ ನಾನೊಬ್ಬಳೇ ಇರಬೇಕು.

ಎರಡು ವರ್ಷದ ಹಿಂದೆ ಹೀಗೇ ನಗುತ್ತ ನಗುತ್ತ, ವಾರವಿಡೀ ನಿದ್ದೆಗೆಟ್ಟು, ಹನ್ನೊಂದು ಹಕ್ಕಿ ಪಂಜರ ಹೊತ್ತು ತಂದಿದ್ದ. ಆಮೇಲೆ ಆಸ್ಪತ್ರೆ. ಅದರ ಬೆನ್ನಿಗೇ ಮಂಕು ಕವಿದು ಚಳಿಗಾಲವೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ. ಮಾತ್ರೆ ತಪ್ಪಿಸಬೇಡಿ, ಜೊತೆಗೆ ನಿಧಾನವಾಗಿ ಕೈಕಾಲು ಆಡಿಸುವ ತೈ ಚಿ ವ್ಯಾಯಾಮ ಮಾಡಿಸಿ, ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸುತ್ತಿದೆ ಅಂತ ತಿಳಿದು ತಕ್ಷಣ ಫೋನ್ ಮಾಡಿ ಎಂದರು ಡಾಕ್ಟರು. ಅವನ ನಿದ್ದೆ ನನಗೆ ಹೇಗೆ ಗೊತ್ತಾಗಬೇಕು? ನನ್ನ ಗೊರಕೆ ತಾಳಲಾರದೆ ಅವನು ಪಕ್ಕದ ಕೋಣೆ ಸೇರಿ ಇಪ್ಪತ್ತು ವರ್ಷವಾಯಿತು. ಕೇಳಲು ಬಾಯಿ ಬಾರದು. ಒಮ್ಮೆ ಕೇಳಿದ್ದಕ್ಕೆ, ನನ್ನನ್ನ ಹುಚ್ಚ ಅಂದ್ಕೊಂಡಿದ್ದೀಯಾ ಎಂದು ಬಟ್ಟಲು ಒಡೆದಿದ್ದ.

ಅದಕ್ಕೇ ಒಂದು ಉಪಾಯ ಮಾಡಿಕೊಂಡೆ. ನದಿದಂಡೆಯ ಪಾರ್ಕಿನಲ್ಲಿ ಗೆಂಗ್ ಮೇಷ್ಟ್ರು ಕಲಿಸುವ ತೈ ಚಿಯ ಇಪ್ಪತ್ನಾಲ್ಕು ವರಸೆಗೆ ಸರಿಯಾಗಿ ಆರು ನಿಮಿಷ ಬೇಕು. ಹೋದ ವರ್ಷ ಬಾವ್‌ಶಾನ್ ಒಮ್ಮೆ ನಾಲ್ಕೇ ನಿಮಿಷಕ್ಕೆ ಮುಗಿಸಿದ. ಮರುದಿನವೇ ಮಾತ್ರೆ ಬದಲಾಯಿಸಬೇಕಾಯಿತು. ಅಂದಿನಿಂದ ಅವನ ಹಿಂದೆ ನಿಂತು, ವರಸೆ ಹಾಕುತ್ತ, ಕದ್ದು ಗಡಿಯಾರ ನೋಡುತ್ತೇನೆ.

ಈ ವಾರ ನನ್ನ ತಲೆಯೇ ಕೆಟ್ಟುಹೋಯಿತು. ಅವನ ನಗು ಹೆಚ್ಚಾಗಿದೆ. ಅಂಗಡಿಯಲ್ಲಿ ಹಿಟ್ಟೆಳೆದು ನೂಡಲ್ಸ್ ಮಾಡುವವನ ಜೊತೆ ಹರಟೆ, ನನ್ನ ನರೆಗೂದಲಿಗೆ ಹೊಗಳಿಕೆ! ಗಡಿಯಾರ ನೋಡಿದರೆ ಆರೇ ನಿಮಿಷ. ವಾಸಿಯಾದ ಮನುಷ್ಯ ನಗಬಾರದೇ? ಖುಷಿಪಡಲೋ, ಫೋನ್ ಮಾಡಲೋ? ಮೇಷ್ಟ್ರನ್ನು ಕೇಳಿದರೆ, ವರಸೆ ಚೆನ್ನಾಗಿಯೇ ಇದೆ, ಸುಮ್ಮನಿರಮ್ಮ ಎಂದರು.

ಇವತ್ತೂ ಆರು ನಿಮಿಷಕ್ಕೇ ಮುಗಿಯಿತು. ಆದರೆ ಬೆಂಚಿನ ಮೇಲೆ ಕೂತಾಗ ಅವನ ಬೆರಳು ತೊಡೆಯ ಮೇಲೆ ಪಟಪಟ ತಾಳ ಹಾಕುತ್ತಲೇ ಇತ್ತು. ಬಟ್ಟಲು ಒಡೆದರೆ ಒಡೆಯಲಿ ಎಂದು ಕೇಳಿಯೇಬಿಟ್ಟೆ.

“ಮುದುಕಾ, ರಾತ್ರಿ ನಿದ್ದೆ ಬಂತಾ?”

ಅವನ ನಗು ನಿಂತಿತು. “ಇಲ್ಲ ಕಣೇ. ಮೂರು ರಾತ್ರಿ ಆಯ್ತು.”

“ಮತ್ತೆ ಈ ಆರು ನಿಮಿಷ?”

“ನೀನು ಗಡಿಯಾರ ನೋಡೋದು ನಂಗೊತ್ತು. ಹೆದರ್ಕೋತೀಯ ಅಂತ ಒಳಗೊಳಗೇ ಎಣಿಸ್ಕೊಂಡು ನಿಧಾನ ಮಾಡ್ತಿದ್ದೆ. ಇನ್ನು ಕೈಲಾಗಲ್ಲ. ನೀನೇ ಕೇಳ್ತೀಯೇನೋ ಅಂತ ಕಾಯ್ತಾ ಇದ್ದೆ.”

ಅವನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು. ಒಂದು ಕೈಯಲ್ಲಿ ಡಾಕ್ಟರಿಗೆ ಫೋನ್ ಹಚ್ಚಿ ಇನ್ನೊಂದರಲ್ಲಿ ಅವನ ಕೈ ಹಿಡಿದುಕೊಂಡೆ. ನನ್ನ ಅಂಗೈಯೊಳಗೂ ಆ ಬೆರಳು ತಾಳ ಹಾಕುತ್ತಲೇ ಇತ್ತು.