ಹಬ್ಬದ ಬ್ರಾಂದಿ ಕುಡಿದ ಕಾಲುಚೀಲ

ಸ್ರೆಟೆನ್‌ಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ತಿಂಗಳಾಗಿತ್ತಷ್ಟೆ; ಮೊದಲ ಕೀಮೋ ಆಗಿ ಒಂದು ವಾರ. "ಜ್ವರ ಮೂವತ್ತೆಂಟು ಡಿಗ್ರಿ ದಾಟಿದ್ರೆ ನೇರ ತುರ್ತು ವಿಭಾಗಕ್ಕೆ ಬನ್ನಿ. ಮನೆಮದ್ದು ಬೇಡ. ಈಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು," ಎಂದು ಡಾಕ್ಟರು ಅವನ ಹೆಂಡತಿ ಮಿಲುಂಕಾಳಿಗೆ ಬಿಡಿಸಿ ಹೇಳಿದ್ದರು. ಅವಳೂ ತಲೆಯಾಡಿಸಿದ್ದಳು.

ಆದರೆ ಈ ಬೆಳಿಗ್ಗೆ ಗಂಡನ ಮೈ ಒಲೆಯಂತೆ ಕಾದು ಜ್ವರ ಮೂವತ್ತೊಂಬತ್ತು ಮುಟ್ಟಿದಾಗ ಅವಳ ಕೈ ತಾನಾಗಿ ಪ್ಲಮ್ ಬ್ರಾಂದಿಯ ಬಾಟಲಿಗೆ ಹೋಯಿತು. ಉಣ್ಣೆಯ ಕಾಲುಚೀಲಗಳನ್ನು ಅದರಲ್ಲಿ ನೆನೆಸಿ ಅವನ ಕಾಲಿಗೆ ತೊಡಿಸಿದಳು. ಅವಳ ತಾಯಿ, ಅಜ್ಜಿ, ಇಡೀ ಚಾಚಕ್ ಊರೇ ಜ್ವರ ಇಳಿಸುತ್ತಿದ್ದುದು ಹಾಗೆ. ಡಾಕ್ಟರ ಮಾತು ನೆನಪಾದದ್ದು ಆಮೇಲೆ. ಒದ್ದೆ ಕಾಲುಚೀಲದ ಮೇಲೇ ಬೂಟು ಹಾಕಿಸಿ ಟ್ಯಾಕ್ಸಿ ಹತ್ತಿಸಿದಳು.

ಬಾಗಿಲಲ್ಲಿ ನರ್ಸ್ ರುಝಿತ್ಸಾ ಜ್ವರ ನೋಡಿದಳು. ಮೂವತ್ತೇಳೂವರೆ.

"ಮನೇಲಿ ಎಷ್ಟಿತ್ತಜ್ಜ?"

"ಇಷ್ಟೇ ಇತ್ತು. ಒಂಚೂರು ಶೀತ. ಇವಳಿಗೆ ಎಲ್ಲಾದಕ್ಕೂ ಗಾಬರಿ."

"ಹಾಗಾದ್ರೆ ಅಲ್ಲಿ ಕೂತಿರಿ. ಕರೀತೀನಿ."

ಬೆಂಚಿನ ಮೇಲೆ ಸ್ರೆಟೆನ್ ಹೆಂಡತಿಯ ಕಿವಿಯಲ್ಲಿ, "ಕೀಮೋ ಗೀಮೋ ಅಂತ ಬಾಯಿ ಬಿಟ್ಟೀಯ. ಇಲ್ಲೇ ಇಟ್ಕೋತಾರೆ. ನಾಳೆ ನಮ್ಮ ಮನೆದೇವ್ರು ಸಂತ ನಿಕೋಲಾನ ಹಬ್ಬ, ಯಜಮಾನ ನಾನಿಲ್ದೆ ಹಬ್ಬದ ರೊಟ್ಟಿ ಮುರಿಯೋರ್ಯಾರು? ನಡಿ ಮನೆಗೆ," ಎಂದ. ಹೇಳುತ್ತಿದ್ದಂತೆ ಅವನ ಹಲ್ಲು ಕಟಕಟ ಎಂದಿತು.

ಬ್ರಾಂದಿಯ ವಿಷಯ ಹೇಳಿದರೆ ತನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಹೋಗುವುದು ಇವನ ಜೀವ. ಮಿಲುಂಕಾ ನೆಲಕ್ಕೆ ಕೂತು ಅವನ ಬೂಟಿನ ದಾರ ಬಿಚ್ಚತೊಡಗಿದಳು.

"ಏಯ್, ಏನ್ ಮಾಡ್ತಿದೀಯೇ? ಜನ ನೋಡ್ತಾರೆ."

"ನೋಡ್ಲಿ ಬಿಡು. ಮದ್ವೆ ದಿನ ನೀನು ಕುಡಿದು ಬೇಲೀಲಿ ಬಿದ್ದಿದ್ದಾಗ್ಲೂ ನೋಡಿದ್ರು."

ಬೂಟು ಕಳಚಿತು. ಕೈ ಮುರಿದುಕೊಂಡು ಪಕ್ಕದಲ್ಲಿ ಕೂತಿದ್ದವನು ಮೂಗರಳಿಸಿ, "ಆಹಾ, ಅಂಗಡಿ ಬ್ರಾಂದಿಯಲ್ಲ ಇದು," ಎಂದ. ವಾಸನೆ ಹಿಡಿದು ರುಝಿತ್ಸಾ ಬಂದಳು.

"ಅಜ್ಜ ಕುಡಿದಿದಾರಾ?"

"ಅವರಲ್ಲಮ್ಮ, ಅವರ ಕಾಲು. ಮನೇಲಿ ಮೂವತ್ತೊಂಬತ್ತಿತ್ತು. ಹೋದ ವಾರ ಕೀಮೋ ಆಗಿದೆ. ಬ್ರಾಂದಿ ಕಾಲುಚೀಲ ಹಾಕಿ ಜ್ವರ ಇಳಿಸಿದ ದಡ್ಡಿ ನಾನೇ."

ರುಝಿತ್ಸಾ ಬೈಯಲು ನಿಲ್ಲಲಿಲ್ಲ. ಗಾಲಿಕುರ್ಚಿ ಎಳೆದುಕೊಂಡು ಓಡಿದಳು. ಕೊಂಚ ಹೊತ್ತಿನಲ್ಲೇ ರಕ್ತ ತೆಗೆದಾಗಿತ್ತು, ಸ್ರೆಟೆನ್‌ನ ತೋಳಿಗೆ ಔಷಧದ ಡ್ರಿಪ್ ಇಳಿಯುತ್ತಿತ್ತು.

"ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರು. "ಒಂದು ವಾರ ಇಲ್ಲೇ."

ಸ್ರೆಟೆನ್ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅಲ್ಲಿಂದಲೇ ಕೇಳಿದ: "ಯಾವ ಬಾಟ್ಲಿ?"

"ಹಬ್ಬದ ನೆಂಟರಿಗೆ ಅಂತ ಇಟ್ಟಿದ್ನಲ್ಲ, ಅದು."

"ಹಳೇದಾ? ನಂಗೇ ಒಂದು ತೊಟ್ಟು ಕೊಟ್ಟಿರ್ಲಿಲ್ವಲ್ಲೇ!"

"ಕೊಟ್ನಲ್ಲ," ಎಂದಳು ಮಿಲುಂಕಾ, ಅವನ ಬರಿಗಾಲಿಗೆ ಹೊದಿಕೆ ಎಳೆಯುತ್ತ. "ಎರಡು ಕಾಲಿಗೂ."