ಬರಿದಾಗದ ಚೊಂಬು

ವೇದಿಕೆಯ ಬಲಮೂಲೆಯ ಮುಕ್ಕಾಲಿಯ ಮೇಲೆ ಒಂದು ಹಿತ್ತಾಳೆಯ ಚೊಂಬು ಇತ್ತು. ಪ್ರತಿಯೊಂದು ಆಟ ಮುಗಿದೊಡನೆ ಜಾದೂಗಾರ ಅದನ್ನೆತ್ತಿ ಬೋಗುಣಿಗೆ ಬಗ್ಗಿಸುತ್ತಿದ್ದ. ಕೊನೆಯ ಹನಿಯವರೆಗೂ ನೀರು ಸುರಿದುಹೋಗುತ್ತಿತ್ತು. ಆಮೇಲೆ ಹುಡುಗಿಯೊಬ್ಬಳನ್ನು ಗರಗಸದಿಂದ ಕೊಯ್ದು ಮತ್ತೆ ಕೂಡಿಸಿ ಬಂದು ಅದೇ ಚೊಂಬನ್ನು ಬಗ್ಗಿಸಿದರೆ, ಮತ್ತೆ ನೀರು. ಆ ದೊಡ್ಡ ಕಂಪನಿ ಲಾರಿಗಟ್ಟಲೆ ಸಾಮಾನು, ಬ್ಯಾಂಡು, ಮಖಮಲ್ಲಿನ ಪರದೆಗಳನ್ನು ಹೇರಿಕೊಂಡು ನಮ್ಮೂರಿಗೆ ಬಂದಿತ್ತು. ನನ್ನ ನೆನಪಿನಲ್ಲಿ ಉಳಿದಿರುವುದು ಆ ಚೊಂಬು ಮಾತ್ರ.

ನಾವು ಜಾದೂ ನೋಡಲು ಹೋದವರಲ್ಲ. ನನ್ನ ಅಕ್ಕ ವಾರಿಜಳನ್ನು ತೋರಿಸಲು ಹೋಗಿದ್ದೆವು. ಪಕ್ಕದ ಊರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ ನರಹರಿ ಎಂಬ ವರ ತನ್ನ ತಾಯಿಯೊಂದಿಗೆ, ಆಕಸ್ಮಿಕವೆಂಬಂತೆ, ಅದೇ ಆಟಕ್ಕೆ ಬಂದು ಹುಡುಗಿಯನ್ನು ನೋಡುವುದೆಂದು ಗೊತ್ತಾಗಿತ್ತು. ಏರ್ಪಾಡೆಲ್ಲ ಸೋದರಮಾವ ಪದ್ಮನಾಭಯ್ಯನದು. ಅವರಿಗಿಂತ ಮೊದಲೇ ಹೋಗಿ ಕೂರಬೇಕು, ಅವರು ಹೋದ ಮೇಲೆ ಏಳಬೇಕು ಎಂದು ಅವನು ಎಚ್ಚರಿಸಿದ್ದ.

"ಕೂತಿರೋವಾಗ ನಮ್ ಹುಡುಗಿ ಸಾಕ್ಷಾತ್ ಮಹಾಲಕ್ಷ್ಮಿ ಕಣಯ್ಯ."

"ನಿಂತಾಗ, ಮಾವ?" ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದ್ದಳು.

ಅವಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಅದನ್ನು ನೋಡಿ ಆಗಲೇ ಎರಡು ಸಂಬಂಧಗಳು ತಿರುಗಿಹೋಗಿದ್ದವು.

ಆಟ ಅರ್ಧ ಮುಗಿದಿತ್ತು. ನರಹರಿ ಎರಡು ಸಾಲು ಮುಂದೆ ಕೂತಿದ್ದ. ಅವನ ತಾಯಿ ಅಕ್ಕನತ್ತ ತಿರುಗಿ ನೋಡಿ ನಕ್ಕದ್ದನ್ನು ಅಮ್ಮ ಗಮನಿಸಿದ್ದಳು. ಆಗ ಜಾದೂಗಾರ ಚೊಂಬನ್ನು ಎತ್ತಿ ಹಿಡಿದ.

"ನನ್ನನ್ನ ನಂಬಬೇಡಿ. ಸುಳ್ಳು ಹೇಳೋಕೆ ಬರದೇ ಇರೋರು ಯಾರಾದ್ರೂ ಬಂದು ಇದರೊಳಗೆ ನೋಡಿ."

"ಈ ಊರಲ್ಲಿ ಅಂಥೋರು ಸಿಗಲ್ಲ ಸ್ವಾಮಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಆ ನಗು ಅಡಗುವ ಮೊದಲೇ ಅಕ್ಕ ಎದ್ದು ನಿಂತಿದ್ದಳು.

"ನಿನ್ನ ದಮ್ಮಯ್ಯ ಅಂತೀನಿ, ಕೂತ್ಕೊಳೇ." ಅಮ್ಮ ಅವಳ ಸೆರಗು ಹಿಡಿದಳು. ಅಕ್ಕ ಮೆಲ್ಲನೆ ಬಿಡಿಸಿಕೊಂಡಳು.

ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದರು. ಅವಳ ಹೆಜ್ಜೆ ಆ ತಾಳಕ್ಕೆ ಕೂಡಲಿಲ್ಲ. ಕೂಡಿಸಲು ಅವಳು ಅವಸರಪಡಲೂ ಇಲ್ಲ. ಸಭೆಯ ನಡುವಿನ ದಾರಿ ಅಷ್ಟು ಉದ್ದವಿತ್ತೆಂದು ನನಗೆ ಆಗಲೇ ತಿಳಿದದ್ದು. ಅಪ್ಪ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಮಾವ ನಶ್ಯದ ಡಬ್ಬಿ ಬೀಳಿಸಿಕೊಂಡವನಂತೆ ಕುರ್ಚಿಯ ಕೆಳಗೆ ಬಗ್ಗಿದ್ದ.

"ಏನಿದೆ ತಾಯೀ ಒಳಗೆ?"

ಅಕ್ಕ ಚೊಂಬನ್ನು ಬೋರಲು ಹಾಕಿದಳು, ಬೆಳಕಿಗೆ ಹಿಡಿದು ಇಣುಕಿದಳು. "ತಳ ಕಾಣ್ತಿದೆ. ಏನೂ ಇಲ್ಲ."

"ಹಾಗಾದ್ರೆ ಕೈ ಒಡ್ಡಿ."

ಬೊಗಸೆ ತುಂಬಿ ನೀರು ತುಳುಕಿತು. ಅಕ್ಕ ಗಟ್ಟಿಯಾಗಿ ನಕ್ಕಳು. ಮನೆಯಲ್ಲಿ ಆ ನಗುವನ್ನು ನಾನು ಕೇಳಿರಲಿಲ್ಲ.

ಅವಳು ಮರಳಿ ಬರುವಷ್ಟರಲ್ಲಿ ಮಾವನ ಕುರ್ಚಿ ಖಾಲಿಯಾಗಿತ್ತು. ಅಪ್ಪ ಎದ್ದ. "ನಡೀರಿ. ಅವರ ಮುಖ ಹೇಗೆ ನೋಡೋದು?"

"ಆಟ ಇನ್ನೂ ಮುಗಿದಿಲ್ಲಪ್ಪ" ಎಂದಳು ಅಕ್ಕ.

"ನಮ್ಮದು ಮುಗೀತು."

ಪಕ್ಕದ ಬಾಗಿಲಿನಿಂದ ಹೊರಬಿದ್ದೆವು. ಅಕ್ಕನ ಕೈ ಇನ್ನೂ ಒದ್ದೆಯಾಗಿತ್ತು. ಅವರ ಕಡೆಯಿಂದ ಮಾತು ಬರಲಿಲ್ಲ, ನಾವೂ ಕೇಳಿ ಕಳಿಸಲಿಲ್ಲ. ಕಾಲಿನ ವಿಷಯ ಮುಚ್ಚಿಟ್ಟಿದ್ದ ಮಾವನಂತೂ ಆ ಊರಿನತ್ತ ತಲೆಹಾಕಲಿಲ್ಲ. ಇನ್ನೊಂದು ಸಂಬಂಧ ನೋಡುವ ಮಾತೆತ್ತಿದಾಗ ಅಕ್ಕ, "ಸಾಕು ಬಿಡಿ" ಎಂದಳು. ಅವಳು ಏಕೆ ಎದ್ದು ಹೋದಳೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಎಷ್ಟೋ ವರ್ಷಗಳ ನಂತರ ಅಪ್ಪನ ಕೆಮ್ಮಿಗೆ ಔಷಧ ಹುಡುಕುತ್ತ ಪಕ್ಕದ ಊರಿನ ಆ ಅಂಗಡಿಗೇ ಹೋದೆ. ಕಿವಿಯ ಬಳಿ ಕೂದಲು ನರೆತಿದ್ದ ನರಹರಿ ನನ್ನನ್ನು ಗುರುತಿಸಿದರು.

"ನೀವು ವಾರಿಜಾ ಅವರ ತಮ್ಮ ಅಲ್ವೇ?" ಸೀಸೆಯನ್ನು ಕಾಗದದಲ್ಲಿ ಸುತ್ತುತ್ತ ಅವರು ಹೇಳಿದರು: "ಆವತ್ತು ಆಟ ಮುಗಿದ ಮೇಲೆ ಅಮ್ಮನ್ನ ಕರ್ಕೊಂಡು ನಿಮ್ಮ ಸಾಲಿಗೆ ಬಂದಿದ್ದೆ. ನಿಮ್ಮ ಅಕ್ಕಂಗೆ ಮುಡಿಸೋಕೆ ಅಂತ ಅಮ್ಮ ಮಡಿಲಲ್ಲಿ ಹೂವು ಇಟ್ಕೊಂಡಿದ್ರು. ನೋಡಿದ್ರೆ ಕುರ್ಚಿಗಳೆಲ್ಲ ಖಾಲಿ."

ನಾನು ಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿದೆ.

"ಹೆಣ್ಣಿನ ಕಡೆಯೋರೇ ನಡುವೆ ಎದ್ದು ಹೋದ್ರೆ ಏನರ್ಥ ಹೇಳಿ? ನನ್ನ ಮೂತಿ ಅಷ್ಟು ಕೆಟ್ಟದಾಗಿದೆಯಾ ಅಂತ ಬಹಳ ದಿನ ಕನ್ನಡಿ ನೋಡ್ಕೊಂಡೆ." ಅವರು ನಕ್ಕರು. ಒಳಗಿನಿಂದ ಮಗುವೊಂದು "ಅಪ್ಪಾ" ಎಂದು ಕರೆಯಿತು. ಅವರು ಅತ್ತ ತಿರುಗಿ, ಮತ್ತೆ ನನ್ನತ್ತ ನೋಡಿದರು. "ನೀವು ಕೊನೇದು ನೋಡ್ಲಿಲ್ಲ. ಬೋಗುಣಿ ತುಂಬಿ ವೇದಿಕೆ ಮೇಲೆಲ್ಲ ನೀರು ಹರೀತು."

ಸಂಜೆ ಮನೆಗೆ ಬಂದಾಗ ಅಕ್ಕ ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಚೊಂಬಿನಿಂದ ನೀರು ಹಾಕುತ್ತಿದ್ದಳು.

"ಅಕ್ಕ, ಆವತ್ತಿನ ಜಾದೂ ಆಟದಲ್ಲಿ ಕೊನೇ ಸಲವೂ ನೀರು ಬಂತಂತೆ."

"ಯಾರು ಹೇಳಿದ್ರು?"

"ಕೊನೇವರೆಗೂ ಕೂತಿದ್ದೋರು."

ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು. ನೀರು ಬಳ್ಳಿಯ ಬುಡಕ್ಕೆ ಸುರಿದು ಮುಗಿಯಿತು. ಕೊನೆಯ ಹನಿ ಬಿದ್ದ ಮೇಲೂ ಅವಳು ಚೊಂಬನ್ನು ನೇರ ಮಾಡಲಿಲ್ಲ. ಹಾಗೆಯೇ ಬಗ್ಗಿಸಿ ಹಿಡಿದು ನಿಂತಿದ್ದಳು.