ಟೇಪಿನ ಕೆಳಂಚು

ಮತ್ತೆ ಅದೇ ಕೈ, ಕಾರಿನ ಗಾಜು ಬಿಚ್ಚಿದ ಮುಂದಿನ ಕಿಟಕಿಯಾಚೆ, ಅಪ್ಪನ ಬಲಗೈ ನನ್ನ ಗಂಡ ವೇಡನ ಹೆಗಲ ಮೇಲೆ, ಹೆಬ್ಬೆರಳ ಬುಡದಲ್ಲಿ ಕಾದ ಸೀಸ ಬಿದ್ದು ಆದ ಬಿಳಿ ಕಲೆ ಇಲ್ಲಿಂದಲೇ ಕಾಣುತ್ತದೆ, ಬೆಳಿಗ್ಗೆಯಿಂದ ಎಷ್ಟು ಸಲ ಆ ಕೈ ಆ ಹೆಗಲೇರಿತೋ, ನೋಡಬಾರದು, ಆದರೆ ಬಕೆಟ್ ಬೋರಲು ಹಾಕಿ ಕೂತು ಎರಡೂ ಅಂಗೈಯಲ್ಲಿ ಕಾರಿನ ಛಾವಣಿ ಹೊತ್ತವಳಿಗೆ ಎದುರಿಗಿರುವುದು ಬಿಟ್ಟು ಇನ್ನೇನು ಕಾಣಬೇಕು — ಅಪ್ಪನೇ ಬೆಳಿಗ್ಗೆ ಅಂದದ್ದು, ಪುಟ್ಟೀ, ನೀನು ಒಳಗೆ ಕೂತ್ಕೊ, ಸಣ್ಣಗಿದ್ದೀಯ, ಅಲ್ಲಾಡದ ಹಾಗೆ ಹಿಡ್ಕೊ ಸಾಕು, ಕೊಯ್ಯೋದು ವೇಡ್ ಕೊಯ್ತಾನೆ. ಮೂವತ್ತಾರು ವರ್ಷದ ಪುಟ್ಟಿ ನಾನು, ಬೇಕರ್ಸ್‌ಫೀಲ್ಡಿನ ಈ ತಗಡಿನ ಷೆಡ್ಡಿನಲ್ಲಿ ಸೀಸದ ಹೊಗೆ ಕುಡಿದೇ ಬೆಳೆದವಳು, ಊರಿನ ಅರ್ಧ ಹಾಟ್ ರಾಡ್‌ಗಳ, ಹಳೇ ಕಾರು ಕೊಯ್ದು ಕಟ್ಟಿದ ಓಟದ ಗಾಡಿಗಳ, ಬೆಸುಗೆಯ ಮೇಲೆ ಸೀಸ ಸವರಿ ನಯ ಮಾಡಿದ್ದು ಈ ಡೆಲ್ಲಾಳ ಕೈ, ಜನ ಬಂದು ಅಂಗೈ ಆಡಿಸಿ ನೋಡುತ್ತಾರೆ, ಬೆಸುಗೆ ಎಲ್ಲಿದೆ ಅಂತಲೇ ಗೊತ್ತಾಗಲ್ವಲ್ಲ ಹಾರ್ಲನ್, ಯಾರದಿದು ಕೆಲಸ, ಅಪ್ಪ ಟೊಪ್ಪಿ ಹಿಂದೆ ಸರಿಸಿ, ನಮ್ಮ ಷಾಪಿಂದು. ನಮ್ಮ ಷಾಪಿಂದು, ಅಷ್ಟೇ, ಷಾಪಿಗೆ ಹೆಸರಿದೆ, ನನಗಿಲ್ಲ.

ಗರಗಸ ಮತ್ತೆ ಶುರು, ಕರ್ ಕರ್, ಹಲ್ಲೆಲ್ಲ ಜುಮ್ಮೆನ್ನುತ್ತದೆ, ಗಾಜಿನ ಅಕ್ಕಪಕ್ಕ ಛಾವಣಿ ಹೊರುವ ಮುಂದಿನ ಕಂಬಗಳಿಗೆ ಕರೆಂಟಿನ ಗರಗಸ ಕೂಡದು, ತಗಡು ಕಾದು ಸೊಟ್ಟಗಾಗುತ್ತೆ, ಅಪ್ಪನ ಕಟ್ಟಪ್ಪಣೆ, ಅದೂ ಈ ಕಾರಿಗೆ, ಮೂವತ್ತೆರಡನೇ ಇಸವಿಯ ಈ ಎರಡು ಬಾಗಿಲಿನ ಫೋರ್ಡ್ ಕೂಪೆಗೆ. ಊರವರ ಕಾರುಗಳ ಕಂಬ ಕೊಯ್ದು ಛಾವಣಿ ಕುಳ್ಳಾಗಿಸಿದವನು ತನ್ನದನ್ನು ಮಾತ್ರ ಟಾರ್ಪಾಲಿನಡಿ ಮುಟ್ಟದೆ ಇಟ್ಟ, ಮಮ್ಮಿ ಇರುವಾಗ ಹೇಳುತ್ತಿದ್ದ, ಇದ್ರ ಛಾವಣಿ ನಾನೇ ಇಳಿಸ್ತೀನಿ, ನನ್ನ ಕೈಲಾಗ್ದಿದ್ರೆ ನನ್ನ ಕೈ ಯಾರಿಗೆ ಬಂದಿದೆಯೋ ಅವ್ರು ಇಳಿಸ್ತಾರೆ, ಮಮ್ಮಿ ನನ್ನ ಕಡೆ ನೋಡಿ ಕಣ್ಣು ಹೊಡೆದಿದ್ದಳು. ಚಳಿಗಾಲದಿಂದ ಅಪ್ಪನ ಕೈ ನಡುಗುತ್ತಿದೆ, ನಾನು ಕಾಯುತ್ತಿದ್ದೆ, ಕೇಳಲಿಲ್ಲ, ಕೇಳಿ ಪಡೆಯುವಂಥದ್ದೇ ಅದು? ಇವತ್ತು ಬೆಳಿಗ್ಗೆ ಬರಿಟೋ ರೊಟ್ಟಿಸುರುಳಿ ಮುರಿದು ಮಾಂಸ ಜಾಸ್ತಿಯಿದ್ದ ಅರ್ಧವನ್ನು ವೇಡನಿಗೆ ಕೊಟ್ಟ, ಅದರ ಹಿಂದೆಯೇ ಗರಗಸವನ್ನೂ. ತಗೋ ಮಗನೇ. ನಿನ್ನೆ ಮೊನ್ನೆಯವರೆಗೆ ಟೈರು ಮಾರುತ್ತಿದ್ದವನು, ನನ್ನ ಕೈ ಹಿಡಿದು ಈ ಷೆಡ್ಡಿಗೆ ಬಂದವನು, ಸೀಸ ಯಾವ ಬಿಸಿಗೆ ಬೆಣ್ಣೆಯಾಗುತ್ತದೆ ಅಂತ ನಾನು ಹೇಳಿಕೊಟ್ಟೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿದ ಹಾಗೆ — ಛೆ, ಹಾವಲ್ಲ ಪಾಪ, ರಾತ್ರಿ ನನ್ನ ಕಾಲು ಒತ್ತುವವನು, ಒಳ್ಳೆಯವನು, ಅದಕ್ಕೇ ಇನ್ನಷ್ಟು ಉರಿ, ಕೆಟ್ಟವನಾಗಿದ್ದರೆ ಬೈದಾದರೂ ಹೊಟ್ಟೆ ತಣ್ಣಗಾಗುತ್ತಿತ್ತು.

ಇನ್ನೊಂದೇ ಕೊಯ್ತ, ಚಾಲಕನ ಕಡೆಯ ಕಂಬ, ಮೇಲಿನ ಟೇಪು. ಕಂಬ ಕಂಬಕ್ಕೂ ಮೇಲೊಂದು ಕೆಳಗೊಂದು ಹಳದಿ ಟೇಪು, ನಡುವಿನ ಮೂರಿಂಚು ತೆಗೆಯಬೇಕು, ಎಲ್ಲ ಕಡೆ ಟೇಪಿನ ಕೆಳಂಚಿಗೇ ಗರಗಸ, ಇದು ಈ ಮನೆಯ ಮಗ್ಗಿ, ಆರನೆಯ ವಯಸ್ಸಿನಲ್ಲಿ ಅಪ್ಪನೇ ಬಾಯಿಪಾಠ ಮಾಡಿಸಿದ್ದು — ತಡಿ, ವೇಡ್ ಎಲ್ಲಿಟ್ಟ ಗರಗಸವನ್ನು, ಮೇಲಂಚಿಗೆ, ಹೌದು ಮೇಲಂಚಿಗೆ. ಹಾಗೆ ಕೊಯ್ದರೆ ಟೇಪಿನಗಲ ತಗಡು ಹೆಚ್ಚಿಗೆ ಹೋಗುತ್ತದೆ, ಹೋದ ತಗಡು ಬರುವುದಿಲ್ಲ, ಛಾವಣಿ ಒಂದು ಕಡೆ ವಾಲಿ ಕೂರುತ್ತದೆ, ತೇಪೆ ಹಾಕಬೇಕು, ಅಪ್ಪನ ಕಾರಿಗೆ ತೇಪೆ. ಅಪ್ಪ ವೇಡನ ಬೆನ್ನ ಹಿಂದಿದ್ದಾನೆ, ಅಲ್ಲಿಂದ ಟೇಪು ಕಾಣದು. ನಾನು ಸುಮ್ಮನಿದ್ದರಾಯಿತು. ಕೊಯ್ಯಲಿ. ಆ ಕೈ ಹೆಗಲಿನಿಂದ ಕೆಳಗೆ ಬೀಳಲಿ, ಕೊನೆಗೆ ಪುಟ್ಟೀ ನೀನೇ ನೋಡಮ್ಮ ಅನ್ನಲಿ, ಆಗ ನಾನು ನಿಧಾನವಾಗಿ ಎದ್ದು — ಹಲ್ಲು ತಗಡಿಗೆ ತಾಗಿತು, ಬಣ್ಣದ ಪುಡಿ ನನ್ನ ತೊಡೆಯ ಮೇಲೆ, ಹಳೆಯ ಕಪ್ಪು ಬಣ್ಣ, ಮಮ್ಮಿ ಭಾನುವಾರ ಭಾನುವಾರ ಒರೆಸುತ್ತಿದ್ದ ಬಣ್ಣ.

ವೇಡ್, ಕೆಳಂಚು.

ಬಾಯಿ ತಾನೇ ಆಡಿಬಿಟ್ಟಿತು. ವೇಡನ ಕಣ್ಣು ಕಿಟಕಿಯಿಂದ ನನ್ನತ್ತ, ಮುಖವೆಲ್ಲ ಸುಣ್ಣ, ಗರಗಸ ಎತ್ತಿದ, ಕೆಳಂಚಿಗಿಟ್ಟ. ಗ್ರೈಂಡರಿನ ಸದ್ದಿಗೆ ಕಿವಿ ಕೊಟ್ಟು ಕೊಟ್ಟು ಕಿವುಡಾದ ಅಪ್ಪ ನನ್ನ ಮಾತು ಕೇಳಲಿಲ್ಲ, ಅಳಿಯ ತಡೆದದ್ದು ಕಂಡ, ಬಗ್ಗಿ ಟೇಪು ನೋಡಿದ, ಆಹಾ, ಸರಿಯಾದ ಹೊತ್ತಿಗೆ ಕಂಡ್ಕೊಂಡ್ಯಲ್ಲೋ ಮಗನೇ, ಇಂಥ ಕಣ್ಣು ಕಲಿಸಿದ್ರೆ ಬರೋದಲ್ಲ. ಹೇಳು ವೇಡ್, ಡೆಲ್ಲಾ ಹೇಳಿದ್ದು ಅಂತ ಹೇಳು. ಬಾಯಿ ತೆರೆದ, ನನ್ನನ್ನು ನೋಡಿದ, ತೆರೆದ ಬಾಯಿಗೆ ಕಾಫಿ ಹೊಯ್ದುಕೊಂಡ. ಕಂಬ ಕೊಯ್ದಾಯಿತು, ತುಂಡು ಕೆಳಗೆ ಬಿತ್ತು, ಷೆಡ್ಡಿನ ತೊಲೆಗೆ ಕಟ್ಟಿದ ಸರಪಳಿಯಲ್ಲಿ ಛಾವಣಿ ತೂಗುತ್ತಿದೆ, ಎದುರು ನಿಂತು ವೇಡ್ ಸರಪಳಿ ಬಿಡುತ್ತಾನೆ, ನಾನು ಒಳಗಿನಿಂದ ಕಂಬಕ್ಕೆ ಕಂಬ ಕೂಡಿಸಬೇಕು, ಮೆಲ್ಲಗೆ, ಮೆಲ್ಲಗೆ ಅನ್ನುತ್ತಾನೆ ಅಪ್ಪ, ಕಿಟಕಿ ಕಿರಿದಾಗುತ್ತಿದೆ, ಅವರ ಟೊಪ್ಪಿಗಳು ಹೋದವು, ಕಣ್ಣು ಹೋದವು, ಅಪ್ಪನ ನಗು ಹೋಯಿತು, ವೇಡನ ಮುಚ್ಚಿದ ಬಾಯಿ ಹೋಯಿತು, ನಾಲ್ಕೂ ಕಡೆ ತಗಡು ತಗಡಿಗೆ ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲ, ಉಳಿದ ಸೀಳಿನಲ್ಲಿ ಒಂದು ಹೆಗಲು, ಹೆಗಲ ಮೇಲೆ ಕೈ, ಹೆಬ್ಬೆರಳ ಬುಡದಲ್ಲಿ ಬಿಳಿ ಕಲೆ, ಆ ಕೈ, ಹೆಗಲ ಮೇಲೆ, ಆ ಕೈ